ಎರಡು ಬೆರಳಿನ ಬಲೆ ಬಿಟ್ಟೆ

ಬಲೆಯ ಕಣ್ಣನ್ನು ನಾವು ಬೆರಳಲ್ಲಿ ಅಳೆಯುತ್ತೇವೆ. ಕಣ್ಣೊಳಗೆ ಎರಡು ಬೆರಳು ಹೋದರೆ ಅದು ಎರಡು ಬೆರಳಿನ ಬಲೆ. ಅಪ್ಪನದು ನಾಲ್ಕು ಬೆರಳಿನದು. ನಾನು ಭೀಮಾ ನದಿಗೆ ಇಳಿಯುವ ಹೊತ್ತಿಗೆ ಎರಡಕ್ಕೆ ಬಂದಿತ್ತು. ಆಮೇಲೆ ಕೆಲವರು ಸೊಳ್ಳೆಪರದೆ ಹೊಲಿದೇ ಎಳೆಯತೊಡಗಿದರು. ದೊಡ್ಡ ಮೀನು ಸಿಗಲ್ಲ ಅಂತ ಕಣ್ಣು ಸಣ್ಣ ಮಾಡಿದೆವು. ಸಣ್ಣದನ್ನೂ ಹಿಡಿದ ಮೇಲೆ ದೊಡ್ಡದು ಎಲ್ಲಿಂದ ಬರಬೇಕು?

ನಮ್ಮೂರು ಅಫಜಲಪುರ ತಾಲ್ಲೂಕಿನಲ್ಲಿ, ಸೊನ್ನ ಬ್ಯಾರೇಜಿಗೆ ಹತ್ತಿರ. ಒಂದು ಬೆಳಿಗ್ಗೆ ಬಲೆ ಬಿಡಿಸಿ ಮೀನನ್ನೆಲ್ಲ ಬುಟ್ಟಿಗೆ ಸುರಿದೆ. ಬರೀ ಅಂಗೈ ಉದ್ದದ ರೋಹು. ವ್ಯಾಪಾರಿ ತಕ್ಕಡಿಗೆ ಹಾಕಿದ. ಕಿಲೋಗೆ 9 ಮೀನು ತೂಗಿದವು, ಆ ಒಂದು ಕಿಲೋಗೆ ಕೈಗೆ ಬಂದಿದ್ದು 50 ರೂಪಾಯಿ. ಅದೇ ದಿನ ಅವನ ಹತ್ತಿರ ಒಂದೂವರೆ ಕಿಲೋದ ಕಟ್ಲಾ ಇತ್ತು. ಅದನ್ನು ಕಿಲೋಗೆ 160ರ ಹಾಗೆ ಮಾರುತ್ತಿದ್ದ. ಮನೆಗೆ ಬಂದು ಮಗಳ ನೋಟ್‌ಬುಕ್ಕಿನ ಹಿಂದೆ ಲೆಕ್ಕ ಹಾಕಿದೆ. ಆ ಒಂಬತ್ತನ್ನು ಇನ್ನೊಂದು ವರ್ಷ ಬಿಟ್ಟು, ಅದರಲ್ಲಿ ಮೂರೇ ಉಳಿದು, ಒಂದೊಂದೂ ಕಿಲೋ ಆದರೂ ನನಗೆ ಎಷ್ಟೋ ಲಾಭ. ಮೊಟ್ಟೆ ಇಡೋದು ಬೇರೆ.

ಮೊಟ್ಟೆ ವಿಷಯ ನನಗೆ ತಡವಾಗಿ ಅರ್ಥವಾಗಿದ್ದು. ರೋಹು ಸಾಮಾನ್ಯವಾಗಿ ಎರಡನೇ ವರ್ಷಕ್ಕೆ ಬಲಿಯುತ್ತದೆ. ಒಂದು ಕಿಲೋದ ಹೆಣ್ಣಿನ ಹೊಟ್ಟೆಯಲ್ಲಿ ಸುಮಾರು 2 ಲಕ್ಷ ಮೊಟ್ಟೆ ಇರುತ್ತವೆ. ಆದರೆ ಕೆರೆಯಂಥ ನಿಂತ ನೀರಲ್ಲಿ ಇಡೋದಿಲ್ಲ, ಅದಕ್ಕೇ ಕೆರೆಗೆ ಮರಿ ತಂದು ಬಿಡೋದು. ಹರಿಯುವ ಹೊಸ ನೀರು ಬೇಕು. ಮುಂಗಾರಿನ ಮೊದಲ ಕೆಂಪು ನೀರು ಬಂದ ಕೂಡಲೇ ಮೀನು ಮೇಲಕ್ಕೆ ಏರುತ್ತವೆ, ಬ್ಯಾರೇಜಿನ ಗೋಡೆಗೆ ಬಡಿದು ಅಲ್ಲೇ ಗುಂಪಾಗುತ್ತವೆ. ನಾವು ಬೀಸುಬಲೆ ಹಿಡಿದು ಅಲ್ಲಿಗೇ ಹೋಗುತ್ತಿದ್ದೆವು. ತತ್ತಿ ತುಂಬಿದ ಮೀನಿನ ಸಾರು ಅಂದರೆ ಹಬ್ಬ! ನಾನೂ ಎಷ್ಟೋ ತಿಂದಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಜಿಲೇಬಿ ಮೀನಿಗೆ, ಅಂದರೆ ತಿಲಾಪಿಯಾಕ್ಕೆ, ಮಾತ್ರ ಈ ತಾಪತ್ರಯ ಇಲ್ಲ. ನಿಂತ ನೀರಲ್ಲೇ ಮೊಟ್ಟೆ ಇಟ್ಟು ಬಾಯಲ್ಲೇ ಕಾಯುತ್ತದೆ. ಈಗ ಬಲೆ ತುಂಬ ಅದೇ.

ಒಂದೇ ಸಲ ಎಲ್ಲ ಬಲೆ ಬದಲಿಸಲು ಆಗಲಿಲ್ಲ, ದುಡ್ಡು ಬೇಕಲ್ವಾ. ಮೊದಲ ವರ್ಷ ಎರಡು ಬಲೆ ಮಾತ್ರ ನಾಲ್ಕು ಬೆರಳಿನದು ತಂದೆ. ಅದರಲ್ಲಿ ಅರ್ಧ ಕಿಲೋ ಒಳಗಿನ ರೋಹು ಹೆಚ್ಚಾಗಿ ತೂರಿ ಹೋಗುತ್ತದೆ. ಕೆಲವು ಬೆಳಿಗ್ಗೆ ಬರೀ ಪಾಚಿ. ಹೆಂಡತಿ ಮಾತೇ ಆಡುತ್ತಿರಲಿಲ್ಲ. ಕಾಕಾ ನಕ್ಕ: "ಹುಚ್ ಹಿಡದದೇನೋ ನಿನಗ? ನೀ ಬಿಟ್ಟಿದ್ದು ನಾ ಹಿಡೀತೀನಿ."

ಹಿಡಿದನೂ ಕೂಡ. ಅದಕ್ಕೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ. ನದಿ ನನ್ನೊಬ್ಬನದಲ್ಲ.

ಮೀನು ಮೊಟ್ಟೆ ಇಡುವ ಕಾಲ ಅಂತ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಅದೇ ಎರಡು ತಿಂಗಳು ನಾನೂ ಬಲೆ ಅಟ್ಟಕ್ಕೆ ಏರಿಸುತ್ತೇನೆ. ನಮ್ಮ ಕಡೆ ಆಗ ತೊಗರಿ ಬಿತ್ತನೆ, ಎಡೆ ಹೊಡೆಯೋದು, ಕಳೆ. ಕೂಲಿ ಸಿಗುತ್ತದೆ, ಹೇಗೋ ನಡೆಯುತ್ತದೆ.

ಲಾಭ ಕಂಡಿದ್ದು ಬಲೆಯಿಂದಲ್ಲ, ಮಾರುವ ರೀತಿಯಿಂದ. ವ್ಯಾಪಾರಿಗೆ ಕೊಡೋದು ಬಿಟ್ಟು ಥರ್ಮಾಕೋಲ್ ಡಬ್ಬಿಗೆ ಐಸ್ ತುಂಬಿ ನಾನೇ ಸಂತೆಗೆ ಒಯ್ಯುತ್ತೇನೆ. ಒಂದು ಸಾಲು ಮೀನು, ಒಂದು ಸಾಲು ಪುಡಿ ಐಸ್. ದೊಡ್ಡ ಮೀನನ್ನು ಕತ್ತರಿಸಿ ಕೊಟ್ಟರೆ ಅರ್ಧ ಕಿಲೋ ಬೇಕೆಂದವರೂ ಒಯ್ಯುತ್ತಾರೆ. ಮೂರನೇ ವರ್ಷ ನೋಟ್‌ಬುಕ್ಕಿನಲ್ಲಿ ಹಿಡಿದ ಮೀನಿನ ಸಂಖ್ಯೆ ಕಡಿಮೆ ಇತ್ತು, ಕೈಗೆ ಬಂದ ದುಡ್ಡು ಜಾಸ್ತಿ ಇತ್ತು.

ಈಗ ನಮ್ಮ ದಂಡೆಯಲ್ಲಿ ಇನ್ನೂ ಮೂವರು ನಾಲ್ಕು ಬೆರಳಿಗೆ ಬಂದಿದ್ದಾರೆ. ಕಾಕಾ ಬಂದಿಲ್ಲ. ಹೋದ ತಿಂಗಳು ನನ್ನ ಹಳೇ ಬಲೆ ಕೇಳಿಕೊಂಡು ಬಂದಿದ್ದ. ಹಿತ್ತಲು ತೋರಿಸಿದೆ. ಬದನೆ ಗಿಡಕ್ಕೆ ಕೋಳಿ ಬಾಯಿ ಹಾಕದಿರಲಿ ಅಂತ ಅದನ್ನು ಸುತ್ತ ಬೇಲಿ ಕಟ್ಟಿದ್ದೇನೆ.