ಮನೆಮಂದಿಗೆ ಹಿತವಾದ ಸೈಕಲ್ಲನ್ನು ಆರಿಸಿಕೊಳ್ಳುವ ಬಗೆ

ಸಂಜೆ ಕೆರೆಯ ಏರಿಯ ಮೇಲೆ ಒಂದು ಸುತ್ತು, ಬೆಳಿಗ್ಗೆ ಹಾಲು ತರಕಾರಿಗೆಂದು ಅಂಗಡಿಯವರೆಗೆ, ರಜೆಯ ದಿನ ಮಕ್ಕಳೊಂದಿಗೆ ನಾಲ್ಕೈದು ಕಿಲೋಮೀಟರು. ಇಷ್ಟಕ್ಕೆಂದು ಸೈಕಲ್ ಕೊಳ್ಳಲು ಹೊರಟ ಕುಟುಂಬಕ್ಕೆ ಅಂಗಡಿಯಲ್ಲಿ ಮೊದಲು ಕಾಣುವುದು ಉಬ್ಬುಗಳುಳ್ಳ ದಪ್ಪ ಟೈರು, ಮುಂದೆ ಶಾಕ್ ಅಬ್ಸಾರ್ಬರ್, ನೇರವಾದ ಅಡ್ಡ ಹ್ಯಾಂಡಲ್ ಮತ್ತು 21 ಗೇರುಗಳಿರುವ, ಬೆಟ್ಟಗುಡ್ಡಗಳ ಹಾದಿಗೆಂದು ರೂಪಿಸಿದ ಮಾದರಿಯ ಸೈಕಲ್. ನೋಡಲು ಗಟ್ಟಿಮುಟ್ಟಾಗಿ ಕಾಣುವ ಈ ಸೈಕಲ್ಲನ್ನು ಮನೆಗೆ ತಂದು, ಎರಡು ತಿಂಗಳು ತುಳಿದು, ಸೊಂಟ ಮತ್ತು ಮಣಿಕಟ್ಟು ನೋವೆಂದು ಮೆಟ್ಟಿಲ ಕೆಳಗೆ ನಿಲ್ಲಿಸಿಬಿಟ್ಟ ಮನೆಗಳು ನಮ್ಮ ಊರುಗಳಲ್ಲಿ ಬೇಕಾದಷ್ಟಿವೆ. ತಪ್ಪು ತುಳಿಯುವವರದಲ್ಲ, ಸೈಕಲ್ಲಿನದೂ ಅಲ್ಲ. ಆ ಸೈಕಲ್ ಬೇರೆಯದೇ ಕೆಲಸಕ್ಕೆ ಹುಟ್ಟಿದ್ದು. ಸವಾರಿಯ ಹಿತವನ್ನು ನಿರ್ಧರಿಸುವುದು ಗೇರುಗಳ ಎಣಿಕೆಯೂ ಅಲ್ಲ, ಶಾಕ್ ಅಬ್ಸಾರ್ಬರೂ ಅಲ್ಲ. ಕೂರುವ ಭಂಗಿ ಮತ್ತು ಟೈರಿನ ಗಾಳಿ. ಇವೆರಡನ್ನು ಮೊದಲು ಸರಿಯಾಗಿ ನೋಡಿಕೊಂಡರೆ ಉಳಿದ ಆಯ್ಕೆಗಳು ಸುಲಭವಾಗುತ್ತವೆ.

ಭಂಗಿಯ ವಿಷಯದಲ್ಲಿ ಹಳೆಯ ಕಪ್ಪು ಸೈಕಲ್ಲುಗಳನ್ನು ಒಮ್ಮೆ ಗಮನವಿಟ್ಟು ನೋಡಬೇಕು. ಅಟ್ಲಾಸ್, ಹೀರೋ, ಹರ್ಕ್ಯುಲಿಸ್ ಹೆಸರಿನಲ್ಲಿ ಊರೂರು ತಿರುಗಿದ ಆ ಸೈಕಲ್ಲುಗಳ ಹ್ಯಾಂಡಲ್ ಸವಾರನ ಕಡೆಗೆ ಬಾಗಿರುತ್ತದೆ, ಸೀಟಿನ ಮಟ್ಟಕ್ಕಿಂತ ಎತ್ತರದಲ್ಲಿರುತ್ತದೆ. ಸೀಟಿನ ಕೆಳಗೆ ಸ್ಪ್ರಿಂಗುಗಳಿರುತ್ತವೆ. ಎರಡು ಚಕ್ರಗಳ ನಡುವಿನ ಅಂತರ ಹೆಚ್ಚು. ಬೆನ್ನು ನೆಟ್ಟಗಿರುವುದರಿಂದ ಕತ್ತು ಎತ್ತದೆಯೇ ದಾರಿ ಕಾಣುತ್ತದೆ, ಅಂಗೈಯ ಮೇಲೆ ಮೈಭಾರ ಬೀಳುವುದಿಲ್ಲ. ತೂಕ ಮಾತ್ರ ಇಪ್ಪತ್ತು ಕಿಲೋದ ಆಸುಪಾಸು ಇರುತ್ತದೆ. ಸರಳಿನ ಬ್ರೇಕು ಮಳೆಯಲ್ಲಿ ಸರಿಯಾಗಿ ಹಿಡಿಯುವುದಿಲ್ಲ. ಎತ್ತರದ ಬಾರಿನ ಮೇಲೆ ಕಾಲು ಹಾಯಿಸುವುದು ಎಲ್ಲರಿಗೂ ಆಗದು. ಆದ್ದರಿಂದ ಇಂದು ಹುಡುಕಬೇಕಾದದ್ದು ಆ ಭಂಗಿಯನ್ನು ಉಳಿಸಿಕೊಂಡು ತೂಕವನ್ನು ಇಳಿಸಿದ, ಒಳ್ಳೆಯ ಬ್ರೇಕುಗಳಿರುವ ಸೈಕಲ್ಲನ್ನು. ಅಂಗಡಿಗಳಲ್ಲಿ ಇದನ್ನು ಸಿಟಿ ಸೈಕಲ್ ಎಂದೋ, ಹೈಬ್ರಿಡ್ ಎಂದೋ, ಲೇಡೀಸ್ ಸೈಕಲ್ ಎಂದೋ ಕರೆಯುತ್ತಾರೆ. ಹೈಬ್ರಿಡ್ ಹೆಸರಿನ ಎಲ್ಲವೂ ನೆಟ್ಟಗೆ ಕೂರಿಸುವುದಿಲ್ಲ. ಕೆಲವು ರೇಸಿನ ಸೈಕಲ್ಲಿಗೆ ಹತ್ತಿರವಾಗಿರುತ್ತವೆ. ಹೆಸರನ್ನು ಬಿಟ್ಟು ಹ್ಯಾಂಡಲಿನ ಎತ್ತರವನ್ನು ನೋಡಬೇಕು. ಸೀಟನ್ನು ನಿಮ್ಮ ಅಳತೆಗೆ ಹೊಂದಿಸಿದ ಮೇಲೂ ಹ್ಯಾಂಡಲಿನ ಹಿಡಿಕೆ ಸೀಟಿಗಿಂತ ನಾಲ್ಕೈದು ಸೆಂಟಿಮೀಟರಾದರೂ ಮೇಲಿರಬೇಕು, ಹಿಡಿದಾಗ ಮೊಣಕೈ ತುಸು ಮಡಿದಿರಬೇಕು, ಪೂರ್ತಿ ತಿರುಗಿಸಿದಾಗ ಮೊಣಕಾಲಿಗೆ ತಾಗಬಾರದು.

ಒಂದೇ ಸೈಕಲ್ಲನ್ನು ಮನೆಯ ಇಬ್ಬರು ಮೂವರು ತುಳಿಯುವುದಾದರೆ ಬಾರು ಇಳಿಜಾರಾಗಿ ಕೆಳಗಿರುವ ಚೌಕಟ್ಟನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಅದು ಹೆಂಗಸರದೆಂದು ಹಿಂಜರಿಯುವ ಗಂಡಸರಿದ್ದಾರೆ. ಆ ಹಿಂಜರಿಕೆಗೆ ಕಾರಣವೇ ಇಲ್ಲ. ಮೊಣಕಾಲು ನೋವಿರುವವರು, ಪಂಚೆ ಉಟ್ಟವರು, ಕ್ಯಾರಿಯರಿನಲ್ಲಿ ಸಾಮಾನು ತುಂಬಿಕೊಂಡವರು, ಹಿಂದೆ ಮಗುವನ್ನು ಕೂರಿಸಿಕೊಂಡವರು ಎಲ್ಲರೂ ಹಿಂದಿನಿಂದ ಕಾಲು ಬೀಸದೆ ಹತ್ತಿಳಿಯಬಹುದು. ಸೀಟಿನ ಕಂಬಕ್ಕೆ ನಟ್ಟಿನ ಬದಲು ಕೈಯಿಂದಲೇ ಬಿಚ್ಚಿ ಬಿಗಿ ಮಾಡಬಹುದಾದ ಹಿಡಿ ಇದ್ದರೆ ಅಮ್ಮನ ಎತ್ತರದಿಂದ ಮಗನ ಎತ್ತರಕ್ಕೆ ಸೀಟನ್ನು ಅರೆ ನಿಮಿಷದಲ್ಲಿ ಬದಲಿಸಿಕೊಳ್ಳಬಹುದು. ಯಾರ್ಯಾರಿಗೆ ಎಷ್ಟು ಎತ್ತರವೆಂದು ಕಂಬದ ಮೇಲೆ ಬಣ್ಣದ ಟೇಪಿನ ಗುರುತು ಹಾಕಿಡುವುದು ಇನ್ನೂ ಅನುಕೂಲ. ಸೀರೆ, ಚೂಡಿದಾರ, ಪಂಚೆ ಉಡುವವರಿದ್ದರೆ ಚೈನನ್ನು ಪೂರ್ತಿ ಮುಚ್ಚುವ ಕವರ್ ಮತ್ತು ಹಿಂಚಕ್ರದ ಪಕ್ಕದ ಬಲೆ ಬೇಕೇ ಬೇಕು. ಹೊಸ ಮಾದರಿಗಳಲ್ಲಿ ಇವನ್ನು ಬಿಟ್ಟಿರುತ್ತಾರೆ. ಆಮೇಲೆ ಹಾಕಿಸಲು ಚೌಕಟ್ಟಿನಲ್ಲಿ ತೂತುಗಳಿವೆಯೇ ಎಂದು ಕೊಳ್ಳುವ ಮೊದಲೇ ನೋಡಬೇಕು. ಮಡ್‌ಗಾರ್ಡ್, ಸ್ಟ್ಯಾಂಡು, ಕ್ಯಾರಿಯರುಗಳ ವಿಷಯವೂ ಹಾಗೆಯೇ.

ಅಳತೆ ತೆಗೆಯುವುದನ್ನು ಮನೆಯಲ್ಲೇ ಮಾಡಿಕೊಂಡು ಹೋಗಬೇಕು. ಬರಿಗಾಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಗಟ್ಟಿ ರಟ್ಟಿನ ಪುಸ್ತಕವೊಂದನ್ನು ತೊಡೆಗಳ ನಡುವೆ ತಡೆಯುವಷ್ಟು ಮೇಲಕ್ಕೆ ಒತ್ತಿ ಹಿಡಿದು, ಅದರ ಮೇಲಂಚಿನಿಂದ ನೆಲದವರೆಗೆ ಟೇಪು ಹಿಡಿದರೆ ಒಳಗಾಲಿನ ಉದ್ದ ಸಿಗುತ್ತದೆ. ಸೈಕಲ್ಲಿನ ಬಾರಿನ ಮೇಲೆ ಎರಡೂ ಕಡೆ ಕಾಲು ಹಾಕಿ ನೆಲದ ಮೇಲೆ ನಿಂತಾಗ ಬಾರಿಗೂ ಮೈಗೂ ನಡುವೆ ಕನಿಷ್ಠ ಎರಡು ಮೂರು ಸೆಂಟಿಮೀಟರು ಜಾಗವಿರಬೇಕು. ಸೀಟಿನ ಎತ್ತರಕ್ಕೆ ಹಳೆಯ ಒಂದು ಲೆಕ್ಕವಿದೆ: ಒಳಗಾಲಿನ ಉದ್ದವನ್ನು 0.88ರಿಂದ ಗುಣಿಸಿದರೆ ಪೆಡಲುಗಳು ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗದವರೆಗಿನ ಅಂತರ ಬರುತ್ತದೆ. ಒಳಗಾಲು 75 ಸೆಂಟಿಮೀಟರಾದರೆ ಇದು 66 ಸೆಂಟಿಮೀಟರು. ಇದು ದೂರದ ಸವಾರರ ಲೆಕ್ಕವಾದ್ದರಿಂದ, ಸಿಗ್ನಲ್ಲುಗಳಲ್ಲಿ ಆಗಾಗ ನಿಲ್ಲುವವರು ಎರಡು ಮೂರು ಸೆಂಟಿಮೀಟರು ಇಳಿಸಿಕೊಳ್ಳಬಹುದು. ಲೆಕ್ಕ ಬೇಡವೆನ್ನುವವರು ಪೆಡಲನ್ನು ತೀರ ಕೆಳಗೆ ತಂದು ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಸಾಕು. ಆಗ ಕಾಲು ನೇರವಾಗಬೇಕು, ತುಳಿಯುವಾಗ ಪಾದದ ಮುಂಭಾಗವನ್ನು ಇಟ್ಟರೆ ಮೊಣಕಾಲಿನಲ್ಲಿ ಬೇಕಾದಷ್ಟು ಮಡಿಕೆ ತಾನಾಗಿ ಉಳಿಯುತ್ತದೆ. ನಮ್ಮಲ್ಲಿ ಬಹುತೇಕರು ಬೀಳುವ ಹೆದರಿಕೆಗೆ ಎರಡೂ ಪಾದಗಳು ನೆಲಕ್ಕೆ ಪೂರ್ತಿ ಊರುವಷ್ಟು ಸೀಟನ್ನು ಇಳಿಸಿಕೊಂಡು ತುಳಿಯುತ್ತಾರೆ. ಹತ್ತು ನಿಮಿಷಕ್ಕೇ ಮೊಣಕಾಲಿನ ಮುಂಭಾಗದಲ್ಲಿ ಕಾಣಿಸಿಕೊಳ್ಳುವ ನೋವಿಗೆ ಸಾಮಾನ್ಯ ಕಾರಣ ಇದೇ. ಹೊಸಬರು ಮೊದಲ ಕೆಲವು ದಿನ ಹಾಗೆ ಇಟ್ಟುಕೊಂಡು, ಧೈರ್ಯ ಬಂದಂತೆ ಬೆರಳಗಲದಷ್ಟು ಏರಿಸುತ್ತ ಹೋಗಬೇಕು.

ಸೀಟು ಅಗಲವಾಗಿದ್ದಷ್ಟೂ ಸುಖ ಎಂಬುದು ಅರ್ಧ ಸತ್ಯ. ನೆಟ್ಟಗೆ ಕೂರುವವರಿಗೆ ಮೈಭಾರವೆಲ್ಲ ಸೀಟಿನ ಮೇಲೆ ಬೀಳುವುದರಿಂದ ಅಗಲದ, ಸ್ಪ್ರಿಂಗಿರುವ ಸೀಟು ಸರಿ. ಆದರೆ ತೊಡೆಯ ಒಳಭಾಗಕ್ಕೆ ಉಜ್ಜುವಷ್ಟು ಅಗಲವಾಗಬಾರದು, ಬೆರಳಿನಿಂದ ಒತ್ತಿದರೆ ಪೂರ್ತಿ ಕುಸಿಯುವಷ್ಟು ಮೆತ್ತಗೂ ಇರಬಾರದು. ತೀರ ಮೆತ್ತಗಿದ್ದರೆ ಕುಳಿತುಕೊಳ್ಳುವ ಎಲುಬುಗಳು ಒಳಗೆ ಇಳಿದು ನಡುವಿನ ಮೃದುಭಾಗದ ಮೇಲೆ ಒತ್ತಡ ಬೀಳುತ್ತದೆ, ಜೋಮು ಹಿಡಿಯುತ್ತದೆ.

ಇನ್ನು ಟೈರು. ನಮ್ಮ ರಸ್ತೆಗಳ ಗುಂಡಿ, ಅಳತೆ ತಪ್ಪಿದ ಹಂಪು, ಅಗೆದು ಮುಚ್ಚಿದ ಗಟಾರಗಳ ಕುಲುಕಾಟವನ್ನು ಕಡಿಮೆ ಬೆಲೆಯ ಶಾಕ್ ಅಬ್ಸಾರ್ಬರ್ ತಗ್ಗಿಸುವುದಕ್ಕಿಂತ ಚೆನ್ನಾಗಿ ಅಗಲದ ಟೈರು ತಗ್ಗಿಸುತ್ತದೆ. ಅಗ್ಗದ ಶಾಕ್‌ಗಳು ತೂಕ ಹೆಚ್ಚಿಸುತ್ತವೆ, ತುಳಿದ ಶಕ್ತಿಯಲ್ಲಿ ಒಂದಷ್ಟನ್ನು ತಾವೇ ನುಂಗುತ್ತವೆ, ಮಳೆ ಕೆಸರಿಗೆ ಸಿಕ್ಕಿ ಕ್ರಮೇಣ ಬಿಗಿದುಕೊಳ್ಳುತ್ತವೆ. ಹಿಂದೆಯೂ ಶಾಕ್ ಇರುವ ಅಗ್ಗದ ಸೈಕಲ್ಲನ್ನಂತೂ ಕೊಳ್ಳಲೇಬಾರದು. ಒಂದೂವರೆಯಿಂದ ಎರಡು ಇಂಚು ಅಗಲದ, ಮೇಲ್ಮೈಯಲ್ಲಿ ದೊಡ್ಡ ಉಬ್ಬುಗಳಿಲ್ಲದ ಟೈರು ಕುಟುಂಬದ ಸವಾರಿಗೆ ಹೇಳಿ ಮಾಡಿಸಿದ್ದು. ಉಬ್ಬಿನ ಟೈರು ಡಾಂಬರಿನ ಮೇಲೆ ಗುಂಯ್ ಎನ್ನುತ್ತ ವೇಗವನ್ನು ಹಿಡಿದೆಳೆಯುತ್ತದೆ. ಗಾಳಿ ಎಷ್ಟಿರಬೇಕೆಂಬುದು ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ; ಈ ಅಗಲದ ಟೈರಿಗೆ ಸಾಮಾನ್ಯವಾಗಿ 40ರಿಂದ 50 ಪಿಎಸ್‌ಐ ಸಾಕಾಗುತ್ತದೆ, ಹಗುರ ಮೈಯವರು ಅದಕ್ಕಿಂತ ತುಸು ಕಡಿಮೆ, ಭಾರದವರು ತುಸು ಹೆಚ್ಚು ಇಟ್ಟುಕೊಳ್ಳಬೇಕು. ಚಕ್ರದ ಅಳತೆಯ ಬಗ್ಗೆ ಊರನ್ನು ನೋಡಿ ತೀರ್ಮಾನಿಸಬೇಕು: 26 ಇಂಚಿನ ಟ್ಯೂಬು ಸಣ್ಣ ಊರಿನ ಪಂಕ್ಚರ್ ಅಂಗಡಿಯಲ್ಲೂ ಸಿಗುತ್ತದೆ, 27.5, 29 ಅಥವಾ 700ಸಿ ಚಕ್ರದವುಗಳಿಗೆ ದೊಡ್ಡ ಊರಿಗೆ ಹೋಗಬೇಕಾಗಬಹುದು. ಟ್ಯೂಬಿನ ಬಾಯಿಯನ್ನೂ ಕೇಳಿ ತಿಳಿಯಿರಿ. ಸ್ಕೂಟರಿನದರಂಥ ಬಾಯಿಯಿದ್ದರೆ ಪೆಟ್ರೋಲ್ ಬಂಕಿನಲ್ಲಿ ಗಾಳಿ ಹಿಡಿಸಬಹುದು, ಆದರೆ ಸೈಕಲ್ ಟ್ಯೂಬು ಕ್ಷಣಾರ್ಧದಲ್ಲಿ ತುಂಬಿಬಿಡುವುದರಿಂದ ಅಳತೆಯನ್ನು ಮೊದಲೇ ಹೇಳಬೇಕು. ಅಳತೆಯ ಮುಳ್ಳಿರುವ, ಕಾಲಲ್ಲಿ ಒತ್ತಿ ಹಿಡಿದು ಹೊಡೆಯುವ ಪಂಪೊಂದು ಮನೆಯಲ್ಲಿರುವುದು ಎಲ್ಲಕ್ಕಿಂತ ಮೇಲು.

ಗೇರಿನ ವಿಷಯವನ್ನು ನೆಲವೇ ನಿರ್ಧರಿಸುತ್ತದೆ. ರಾಯಚೂರು, ದಾವಣಗೆರೆಯಂಥ ಹೆಚ್ಚು ಏರಿಳಿತವಿಲ್ಲದ ಊರುಗಳಲ್ಲಿ ಗೇರಿಲ್ಲದ ಸೈಕಲ್ ಧಾರಾಳವಾಗಿ ಸಾಕು. ಕೆಡಲು ಅದರಲ್ಲಿ ಏನೂ ಇರುವುದಿಲ್ಲ. ಬೆಂಗಳೂರು, ಮೈಸೂರು, ಧಾರವಾಡಗಳ ಏರು ತಗ್ಗುಗಳಿಗೆ ಹಿಂದೆ ಏಳು ಹಲ್ಲುಚಕ್ರಗಳಿದ್ದರೆ ಅನುಕೂಲ. ಮಡಿಕೇರಿ, ಮಂಗಳೂರುಗಳ ದಿಣ್ಣೆಗಳಿಗೆ ಮಾತ್ರ ಮುಂದೆಯೂ ಎರಡು ಮೂರು ಚಕ್ರಗಳು ಬೇಕಾಗಬಹುದು. ಇಲ್ಲಿ ಎಣಿಕೆಯನ್ನು ಬಿಟ್ಟು ಹಲ್ಲುಗಳನ್ನು ಎಣಿಸುವುದು ಜಾಣತನ. ಮುಂದೆ 42 ಹಲ್ಲು, ಹಿಂದೆ 14 ಹಲ್ಲು ಇದ್ದಾಗ ಪೆಡಲಿನ ಒಂದು ಸುತ್ತಿಗೆ ಹಿಂಚಕ್ರ ಮೂರು ಸುತ್ತು ತಿರುಗುತ್ತದೆ. 26 ಇಂಚಿನ ಚಕ್ರದಲ್ಲಿ ಅದು ಸುಮಾರು ಆರು ಮೀಟರು. ಮುಂದೆ ಹಿಂದೆ ಹಲ್ಲುಗಳು ಸಮವಾಗಿದ್ದರೆ ಒಂದು ಸುತ್ತಿಗೆ ಎರಡು ಮೀಟರು ಮಾತ್ರ ಸಾಗುತ್ತದೆ, ಆದರೆ ಏರು ಹಗುರವಾಗುತ್ತದೆ. ದಿಣ್ಣೆಯ ಊರಿನವರು ಮುಂದಿನ ಅತಿ ಚಿಕ್ಕ ಚಕ್ರದ ಹಲ್ಲುಗಳು ಹಿಂದಿನ ಅತಿ ದೊಡ್ಡ ಚಕ್ರದ ಹಲ್ಲುಗಳಿಗೆ ಸಮವಾಗಿ ಅಥವಾ ಕಡಿಮೆಯಾಗಿರುವುದನ್ನು ನೋಡಿ ಕೊಂಡರೆ ವಯಸ್ಸಾದವರೂ ಇಳಿದು ತಳ್ಳದೆ ಹತ್ತಬಹುದು. 21 ಗೇರಿನ ಸೈಕಲ್ಲಿನಲ್ಲಿ ಅನೇಕ ಗೇರುಗಳು ಒಂದರ ಮೇಲೊಂದು ಬಂದು ಕೂರುವುದರಿಂದ ನಿಜವಾಗಿ ಬೇರೆಬೇರೆಯಾದವು ಅಷ್ಟಿರುವುದಿಲ್ಲ. ಮೊಣಕಾಲು ಏರನ್ನು ತಡೆಯದ ಹಿರಿಯರಿಗೆ ಬ್ಯಾಟರಿ ಸೈಕಲ್ ಒಳ್ಳೆಯ ದಾರಿ. 250 ವ್ಯಾಟ್ ಒಳಗಿನ ಮೋಟಾರು, ಗಂಟೆಗೆ 25 ಕಿಲೋಮೀಟರಿನೊಳಗಿನ ವೇಗ ಇರುವಂಥವುಗಳಿಗೆ ಲೈಸೆನ್ಸಾಗಲಿ ನೋಂದಣಿಯಾಗಲಿ ಬೇಕಿಲ್ಲ.

ಕರಾವಳಿ ಮಲೆನಾಡಿನ ಮಳೆಗೆ ಬ್ರೇಕು ಮತ್ತು ತುಕ್ಕು ಎರಡನ್ನೂ ಯೋಚಿಸಬೇಕು. ರಿಮ್ಮನ್ನು ಹಿಡಿಯುವ ಬ್ರೇಕು ನೆನೆದಾಗ ಮೊದಲ ಕೆಲವು ಸುತ್ತು ಜಾರುತ್ತದೆ. ಅಲ್ಯೂಮಿನಿಯಂ ರಿಮ್ಮಿನಲ್ಲಿ ಈ ಜಾರಾಟ ಉಕ್ಕಿನ ರಿಮ್ಮಿಗಿಂತ ಕಡಿಮೆ. ಡಿಸ್ಕ್ ಬ್ರೇಕು ಮಳೆಯಲ್ಲಿ ಹೆಚ್ಚು ನಂಬಿಕೆಗೆ ಅರ್ಹ, ಆದರೆ ಅದನ್ನು ಸರಿಪಡಿಸಬಲ್ಲ ಮೆಕ್ಯಾನಿಕ್ ಊರಿನಲ್ಲಿದ್ದಾನೆಯೇ ಎಂದು ವಿಚಾರಿಸಿಕೊಳ್ಳಬೇಕು. ಅಲ್ಯೂಮಿನಿಯಂ ಚೌಕಟ್ಟಿನ ಸೈಕಲ್ ಉಪ್ಪುಗಾಳಿಯನ್ನು ಚೆನ್ನಾಗಿ ತಾಳುತ್ತದೆ, ತೂಕವೂ 12ರಿಂದ 15 ಕಿಲೋದ ಒಳಗೆ ಬರುತ್ತದೆ. ಲಿಫ್ಟಿಲ್ಲದ ಮೂರನೆಯ ಮಹಡಿಯವರು ತೂಕದ ಅಂಕಿಯನ್ನು ಬೆಲೆಯಷ್ಟೇ ಗಂಭೀರವಾಗಿ ಪರಿಗಣಿಸಬೇಕು.

ಮಕ್ಕಳ ಸೈಕಲ್ಲಿನ ವಿಷಯದಲ್ಲಿ ತುಸು ಕಟುವಾಗಿಯೇ ಹೇಳಬೇಕಾಗಿದೆ. "ಬೆಳೆಯುವ ಮಗು, ದೊಡ್ಡದನ್ನೇ ಕೊಡಿಸೋಣ" ಎಂಬ ಲೆಕ್ಕಾಚಾರ ಮಗುವಿಗೆ ಸೈಕಲ್ಲಿನ ಮೇಲೆ ಭಯ ಹುಟ್ಟಿಸುತ್ತದೆ. ಬಾರಿನ ಕೆಳಗೆ ಕಾಲು ತೂರಿಸಿ ತುಳಿದೇ ನಾವೆಲ್ಲ ಕಲಿತೆವು ಎಂಬುದು ನಿಜವಾದರೂ, ಆಗ ಬೇರೆ ಸೈಕಲ್ ಇರಲಿಲ್ಲ. ರಸ್ತೆಯಲ್ಲಿ ಇಷ್ಟು ಕಾರುಗಳೂ ಇರಲಿಲ್ಲ. ಸುಮಾರಾಗಿ ಹೇಳುವುದಾದರೆ ನಾಲ್ಕೈದು ವರ್ಷಕ್ಕೆ 14 ಅಥವಾ 16 ಇಂಚು, ಏಳರಿಂದ ಒಂಬತ್ತಕ್ಕೆ 20 ಇಂಚು, ಹತ್ತು ದಾಟಿದ ಮೇಲೆ 24 ಇಂಚಿನ ಚಕ್ರ ಹೊಂದುತ್ತದೆ; ಆದರೆ ವಯಸ್ಸಿಗಿಂತ ಒಳಗಾಲಿನ ಅಳತೆಯನ್ನೇ ನಂಬಬೇಕು. ಸೀಟಿನ ಮೇಲೆ ಕೂತು ಎರಡೂ ಪಾದಗಳ ಮುಂಭಾಗ ನೆಲಕ್ಕೆ ತಾಗಬೇಕು, ಬ್ರೇಕಿನ ಹಿಡಿ ಆ ಪುಟ್ಟ ಬೆರಳುಗಳಿಗೆ ಎಟುಕಬೇಕು ಮತ್ತು ಅವುಗಳ ಬಲಕ್ಕೆ ಬಗ್ಗಬೇಕು. ಕೊನೆಯದನ್ನು ಮಗುವಿನ ಕೈಯಲ್ಲೇ ಒತ್ತಿಸಿ ನೋಡಬೇಕು. ದೊಡ್ಡವರು ಒತ್ತಿ ನೋಡಿ ಪ್ರಯೋಜನವಿಲ್ಲ. ತೂಕವನ್ನೂ ಮರೆಯಬಾರದು. 20 ಕಿಲೋ ತೂಕದ ಮಗುವಿಗೆ 12 ಕಿಲೋದ ಸೈಕಲ್ ಕೊಡಿಸುವುದೆಂದರೆ 60 ಕಿಲೋ ತೂಗುವ ದೊಡ್ಡವರಿಗೆ 36 ಕಿಲೋದ ಸೈಕಲ್ ಕೊಟ್ಟ ಹಾಗೆ. ಪಕ್ಕದ ಪುಟ್ಟ ಚಕ್ರಗಳ ಬದಲು, ಪೆಡಲುಗಳನ್ನು ಬಿಚ್ಚಿ ಸೀಟನ್ನು ಪೂರ್ತಿ ಇಳಿಸಿ, ಕಾಲಿನಿಂದ ನೆಲವನ್ನು ತಳ್ಳುತ್ತ ಸಾಗಲು ಬಿಟ್ಟರೆ ಮಕ್ಕಳು ತೂಗಿ ನಿಲ್ಲುವುದನ್ನು ಬೇಗ ಕಲಿಯುತ್ತಾರೆ.

ಮಗುವನ್ನು ಹಿಂದೆ ಕೂರಿಸಿಕೊಳ್ಳುವವರು ಒಂದು ಅಪಾಯವನ್ನು ಎಂದೂ ಹಗುರವಾಗಿ ಕಾಣಬಾರದು. ಬರಿಯ ಕ್ಯಾರಿಯರಿನ ಮೇಲೆ ಕೂತ ಮಗುವಿನ ಹಿಮ್ಮಡಿ ಚಕ್ರದ ಕಡ್ಡಿಗಳ ನಡುವೆ ಸಿಕ್ಕಿ ಚರ್ಮ ಮಾಂಸ ಹರಿದುಹೋಗುವ ಗಾಯ ನಮ್ಮ ದೇಶದ ಆಸ್ಪತ್ರೆಗಳಿಗೆ ಅಪರೂಪದ್ದಲ್ಲ. ಬೆಲ್ಟು, ಬೆನ್ನಿನ ಆಸರೆ, ಕಾಲಿಡುವ ತಟ್ಟೆ ಇರುವ ಮಕ್ಕಳ ಸೀಟು ಮತ್ತು ಚಕ್ರದ ಎರಡೂ ಪಕ್ಕ ಬಲೆ, ಇವೆರಡೂ ಇಲ್ಲದೆ ಕೂರಿಸಬಾರದು. ಮಗುವಿನ ತಲೆಗೆ ಹೊಂದುವ ಹೆಲ್ಮೆಟ್ಟಿನ ಹಣವನ್ನು ಸೈಕಲ್ಲಿನ ಲೆಕ್ಕದಲ್ಲೇ ಸೇರಿಸಿಕೊಳ್ಳಬೇಕು.

ಹೊಸದನ್ನು ಕೊಳ್ಳುವ ಮೊದಲು ಮನೆಯಲ್ಲಿರುವುದನ್ನು ನೋಡಿ. ರಾಜ್ಯ ಸರ್ಕಾರ 2006-07ರಿಂದ ಹಲವು ವರ್ಷ 8ನೇ ತರಗತಿಯ ಮಕ್ಕಳಿಗೆ ಕೊಟ್ಟ ಸೈಕಲ್ಲುಗಳು ಎಷ್ಟೋ ಮನೆಗಳ ಹಿತ್ತಿಲಲ್ಲಿ ನಿಂತಿವೆ. ಚೌಕಟ್ಟು ಬಾಗಿರದಿದ್ದರೆ, ಬೆಸುಗೆಯ ಬಳಿ ಬಿರುಕಿಲ್ಲದಿದ್ದರೆ, ಟೈರು, ಟ್ಯೂಬು, ಚೈನು, ಬ್ರೇಕಿನ ರಬ್ಬರು, ಸೀಟು ಬದಲಿಸಿದರೆ ಸಮತಟ್ಟಾದ ಊರಿಗೆ ಅದೇ ಸಾಕಾದೀತು. ಎಂಥ ಭಂಗಿ ತಮಗೆ ಹಿತವೆಂದು ತಿಳಿಯದವರು, ಮೈಸೂರಿನಲ್ಲಿ 2017ರಲ್ಲಿ ಆರಂಭವಾದ ಟ್ರಿಣ್ ಟ್ರಿಣ್‌ನಂಥ ಬಾಡಿಗೆ ಯೋಜನೆಯ ಸೈಕಲ್ಲನ್ನೋ ಪರಿಚಿತರದನ್ನೋ ಅರ್ಧ ಗಂಟೆ ತುಳಿದು ನೋಡಲಿ. ಅಂಗಡಿಯ ಮುಂದೆ ಒಂದು ಸುತ್ತು ಹಾಕಿದರೆ ಏನೂ ತಿಳಿಯುವುದಿಲ್ಲ. ಹದಿನೈದು ನಿಮಿಷವಾದರೂ, ಒಂದು ಏರು ಮತ್ತು ಒಂದು ಹಂಪು ಇರುವ ದಾರಿಯಲ್ಲಿ ತುಳಿಯಬೇಕು. ಬಿಡದ ಅಂಗಡಿಯನ್ನು ಬಿಟ್ಟು ಇನ್ನೊಂದಕ್ಕೆ ಹೋಗಬಹುದು.

ಆನ್‌ಲೈನಿನಲ್ಲಿ ತರಿಸಿದರೆ ಸೈಕಲ್ ಅರ್ಧಂಬರ್ಧ ಜೋಡಿಸಿದ ಸ್ಥಿತಿಯಲ್ಲಿ ಬರುತ್ತದೆ. ಎಡ ಪೆಡಲಿನ ತಿರುಪಿನ ಮರೆ ಉಲ್ಟಾ ಇರುತ್ತದೆಂದು ತಿಳಿಯದೆ ಬಲವಂತವಾಗಿ ತಿರುಗಿಸಿ ಹಾಳು ಮಾಡಿಕೊಂಡವರಿದ್ದಾರೆ. ಮುಂದಿನ ಫೋರ್ಕನ್ನು ಹಿಂದುಮುಂದಾಗಿ ಹಾಕಿಕೊಂಡವರೂ ಇದ್ದಾರೆ. ಜೋಡಿಸುವ ಕೆಲಸವನ್ನು ಬಲ್ಲ ಮೆಕ್ಯಾನಿಕ್‌ಗೇ ಕೊಡಬೇಕು. ಎಲ್ಲಿ ಕೊಂಡರೂ ಮೊದಲ ತಿಂಗಳ ಬಳಕೆಯಲ್ಲಿ ಬ್ರೇಕು ಮತ್ತು ಗೇರಿನ ಕೇಬಲ್ಲುಗಳು ಹಿಗ್ಗುತ್ತವೆ, ಕಡ್ಡಿಗಳು ಸಡಿಲವಾಗುತ್ತವೆ. ಆಗ ಒಮ್ಮೆ ಚಕ್ರದ ಓಟವನ್ನು ನೇರ ಮಾಡಿಸಿ, ಕೇಬಲ್ ಬಿಗಿಸಿ, ಪೆಡಲಿನ ತೋಳುಗಳ ನಟ್ಟುಗಳನ್ನು ಗಟ್ಟಿ ಮಾಡಿಸಿ, ಚೈನಿಗೆ ಎಣ್ಣೆ ಬಿಟ್ಟು ಮೇಲಿನ ಜಿಡ್ಡನ್ನು ಬಟ್ಟೆಯಿಂದ ಒರೆಸಿಬಿಡಬೇಕು.