ಕರಗದಿದ್ದರೆ ಬಿಸಿ ಮಾಡೋಣ ಅನ್ನುವ ಮುಂಚೆ

ಮಂಡ್ಯದ ಕಡೆ ಬಕೆಟ್‌ನಲ್ಲಿ ಯೂರಿಯಾ ಕಲಸಿದವರಿಗೆ ಇದು ಗೊತ್ತಿರುತ್ತದೆ. ಕೋಲಲ್ಲಿ ನಾಲ್ಕು ಸುತ್ತು ತಿರುಗಿಸುವಷ್ಟರಲ್ಲಿ ಬಕೆಟ್ ಹೊರಗಡೆ ಮುಟ್ಟಿದರೂ ತಣ್ಣಗೆ ಕೊರೆಯುತ್ತದೆ. ಯಾರೂ ಐಸ್ ಹಾಕಿಲ್ಲ, ಅಲ್ವಾ?

ಮನೆಯಲ್ಲೇ ನೋಡಿ. ಮತ್ತೆ ಅಡುಗೆಗೆ ಬಳಸದ ಹಳೇ ಲೋಟಕ್ಕೆ 100 ಎಂಎಲ್ ನೀರು, ಅದಕ್ಕೆ 20 ಗ್ರಾಂ ಯೂರಿಯಾ. ಒಂದು ಗ್ರಾಂ ಕರಗುವಾಗ ನೀರಿನಿಂದ ಸುಮಾರು 250 ಜೂಲ್ ಶಾಖ ಎಳೆದುಕೊಳ್ಳುತ್ತದೆ, ಹಾಗಾಗಿ ಲೆಕ್ಕದ ಪ್ರಕಾರ ನೀರು ಸುಮಾರು 10 ಡಿಗ್ರಿ ಇಳಿಯಬೇಕು. ಲೋಟವೂ ಸುತ್ತಲಿನ ಗಾಳಿಯೂ ಶಾಖ ಕೊಡುವುದರಿಂದ ನಿಮಗೆ ಸ್ವಲ್ಪ ಕಡಿಮೆ ಸಿಗಬಹುದು.

ಶಾಖ ಖರ್ಚು ಮಾಡಿಕೊಂಡು ಯಾಕೆ ಕರಗಬೇಕು? ಹರಳಿನಲ್ಲಿ ಸಾಲಾಗಿ ಕೂತಿದ್ದ ಅಣುಗಳಿಗೆ ನೀರಿನಲ್ಲಿ ಚೆಲ್ಲಾಪಿಲ್ಲಿಯಾಗಿ ಓಡಾಡಲು ಜಾಗ ಸಿಗುತ್ತದೆ. ಈ ಚೆಲ್ಲಾಪಿಲ್ಲಿತನಕ್ಕೆ ಎಂಟ್ರೋಪಿ ಅನ್ನುತ್ತಾರೆ. ಪುಸ್ತಕದ ಸೂತ್ರ ಡೆಲ್ಟಾ ಜಿ = ಡೆಲ್ಟಾ ಎಚ್ − ಟಿ × ಡೆಲ್ಟಾ ಎಸ್. ಡೆಲ್ಟಾ ಅಂದರೆ ಬದಲಾವಣೆ. ಎಚ್ ಅಂದರೆ ಶಾಖದ ಖರ್ಚು, ಎಸ್ ಅಂದರೆ ಎಂಟ್ರೋಪಿಯ ಜಮಾ, ಟಿ ಅಂದರೆ ಉಷ್ಣತೆ. ಖರ್ಚಿನಲ್ಲಿ ಜಮಾ ಕಳೆದು ಉಳಿಯುವ ಲೆಕ್ಕವೇ ಡೆಲ್ಟಾ ಜಿ, ಅದು ಸೊನ್ನೆಗಿಂತ ಕೆಳಗಿಳಿದರೆ ಕರಗುತ್ತದೆ. ಯೂರಿಯಾದಲ್ಲಿ ಖರ್ಚಿಗಿಂತ ಜಮಾ ಜಾಸ್ತಿ, ಅಷ್ಟೇ.

ಇನ್ನು ಕೆಲಸಕ್ಕೆ ಬರುವ ಮಾತು. ಕರಗುವಾಗ ತಣ್ಣಗಾಗುವ ವಸ್ತುವಿಗೆ ನೀರು ಬಿಸಿ ಮಾಡಿ, ಇನ್ನೂ ಜಾಸ್ತಿ ಕರಗುತ್ತದೆ. ಅಡುಗೆ ಉಪ್ಪಿಗೆ ಈ ಶಾಖದ ಲೆಕ್ಕ ತೀರಾ ಚಿಕ್ಕದು, ಅದಕ್ಕೇ 100 ಗ್ರಾಂ ನೀರಿನಲ್ಲಿ 25 ಡಿಗ್ರಿಯಲ್ಲಿ 36 ಗ್ರಾಂ, ಕುದಿಯುವಾಗಲೂ ಸುಮಾರು 39 ಗ್ರಾಂ. ಗ್ಯಾಸ್ ಸುಮ್ನೆ ದಂಡ. ಪುಡಿ ಮಾಡುವುದು, ಕಲಸುವುದು ಬೇಗ ಕರಗಿಸುತ್ತವೆಯೇ ಹೊರತು ಜಾಸ್ತಿ ಕರಗಿಸುವುದಿಲ್ಲ.

ಸುಣ್ಣ ಮಾತ್ರ ಉಲ್ಟಾ. ಸುಟ್ಟ ಸುಣ್ಣಕ್ಕೆ ನೀರು ಹಾಕಿದಾಗ ಕೊತಕೊತ ಅನ್ನುತ್ತದಲ್ಲ, ಅದು ರಾಸಾಯನಿಕ ಕ್ರಿಯೆ, ಅದನ್ನು ಇಲ್ಲಿ ಬಿಡಿ. ಅರಳಿದ ಸುಣ್ಣ ನೀರಿನಲ್ಲಿ ಕರಗುವಾಗಲೂ ಸ್ವಲ್ಪ ಶಾಖ ಹೊರಗೆ ಬರುತ್ತದೆ. ಅದಕ್ಕೇ ಲೀಟರ್ ತಣ್ಣೀರಿನಲ್ಲಿ ಸುಮಾರು 1.7 ಗ್ರಾಂ ಕರಗಿದರೆ ಕುದಿನೀರಿನಲ್ಲಿ 0.7 ಗ್ರಾಂ ಮಾತ್ರ. ಸುಣ್ಣದ ತಿಳಿನೀರನ್ನು ಕಾಯಿಸಿ, ಮಬ್ಬಾಗುವುದು ಕಾಣುತ್ತದೆ. ಕಣ್ಣಿಗೆ ಸಿಡಿಯದ ಹಾಗೆ ನೋಡಿಕೊಳ್ಳಿ.

ಎಣ್ಣೆಯ ಕಥೆ ನನಗೆ ಎಲ್ಲಕ್ಕಿಂತ ಇಷ್ಟ. ನೀರಿಗೂ ಎಣ್ಣೆಗೂ ಜಗಳ ಅಂತ ನಾನೂ ನಂಬಿಕೊಂಡಿದ್ದೆ. ಆದರೆ ನಾವು ಓಡಾಡುವ ಉಷ್ಣತೆಯಲ್ಲಿ ಹೈಡ್ರೋಕಾರ್ಬನ್ ಅಣು (ಬರೀ ಇಂಗಾಲ, ಜಲಜನಕದಿಂದಾದ ಎಣ್ಣೆಯಂಥ ಅಣು) ನೀರಿಗೆ ಸೇರಿದರೆ ಶಾಖದ ಲೆಕ್ಕ ಹೆಚ್ಚುಕಮ್ಮಿ ಸೊನ್ನೆ. ಏಟು ಬೀಳುವುದು ಎಂಟ್ರೋಪಿಗೆ. ನೀರಿನ ಅಣುಗಳು ಒಂದಕ್ಕೊಂದು ಕೈ ಹಿಡಿದುಕೊಂಡಿರುತ್ತವೆ. ಮಧ್ಯೆ ಕೈ ಕೊಡದ ಅಣು ಬಂದು ನಿಂತರೆ ಅದರ ಸುತ್ತ ಇದ್ದವುಗಳು ಬೇಕಾದ ಕಡೆ ತಿರುಗುವ ಹಾಗಿಲ್ಲ, ಹಿಡಿತ ಬಿಡದ ಹಾಗೆ ಹೊಂದಿಕೊಂಡು ನಿಲ್ಲಬೇಕು. ಚೆಲ್ಲಾಪಿಲ್ಲಿತನ ಕಡಿಮೆಯಾಯಿತು, ನೀರು ಅದನ್ನು ಹೊರಗೆ ಹಾಕಿತು. ಇಂಥ ಕಡೆ ನೀರು ಕಾಯಿಸಿ ಪ್ರಯೋಜನವಿಲ್ಲ, ದ್ರಾವಕವನ್ನೇ, ಅಂದರೆ ಕರಗಿಸುವ ದ್ರವವನ್ನೇ ಬದಲಿಸಿ. ಮಲ್ಲಿಗೆ ಹೂವಿನ ಪರಿಮಳ ತೆಗೆಯುವ ಕಾರ್ಖಾನೆಯವರು ಹೆಕ್ಸೇನ್ ಅನ್ನುವ ಹೈಡ್ರೋಕಾರ್ಬನ್ ದ್ರವದಲ್ಲಿ ಹೂ ನೆನೆಸುವುದೂ ಇದಕ್ಕೇ. ಅರಿಸಿನದ ಹಳದಿಗೂ ನೀರು ಆಗುವುದಿಲ್ಲ, ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಕಲೆಯ ಮೇಲೆ ಒತ್ತಿ ನೋಡಿ.

ಕರ್ಪೂರವನ್ನು ಕೊಬ್ಬರಿ ಎಣ್ಣೆಗೆ ಹಾಕುವುದಾದರೆ ಮೊದಲು ಪುಡಿ ಮಾಡಿ. ಚಳಿಗೆ ಎಣ್ಣೆ ಗಟ್ಟಿಯಾಗಿದ್ದರೆ ಬಿಸಿನೀರಿನ ಪಾತ್ರೆಯೊಳಗೆ ಬಟ್ಟಲು ಇಡಿ. ಒಲೆಯ ಹತ್ತಿರ ಮಾತ್ರ ಬೇಡ, ಅದು ಉರಿಯುವುದಕ್ಕೆಂದೇ ಇರುವ ವಸ್ತು.