ಶಾಪ್ ಶುರುಮಾಡಿದ್ದೀರಾ? ಮೊದಲು ಉದ್ಯಮ್ ನೋಂದಣಿ ಮಾಡಿ

ಪುಣೆಯ ಭೋಸರಿಯಲ್ಲಿ ನನ್ನದೊಂದು ಸಣ್ಣ ಶಾಪ್. ಎರಡು ಲೇತ್, ಒಂದು ಮಿಲ್ಲಿಂಗ್ ಮಷಿನ್. ವಿಜಯಪುರ ಕಡೆಯಿಂದ ಬಂದು ಶೆಡ್ ಹಿಡಿಯುವ ನಮ್ಮ ಹುಡುಗರಿಗೆ ಮೊದಲು ಇದನ್ನೇ ಹೇಳುತ್ತೇನೆ: ಉದ್ಯಮ್ ನೋಂದಣಿ ಮಾಡಿ, ಅಂದರೆ ನಿಮ್ಮದು ಸಣ್ಣ ಉದ್ದಿಮೆ ಎಂದು ಸರ್ಕಾರದಲ್ಲಿ ದಾಖಲಿಸಿ.

ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ಜಿಎಸ್‌ಟಿ ಇದ್ದರೆ ಅದರ ನಂಬರ್ ಇಟ್ಟುಕೊಂಡು ಕೂತುಕೊಳ್ಳಿ. ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲೇ ಇರಲಿ, ಒಟಿಪಿ ಬರುತ್ತದೆ. ಸರ್ಕಾರದ ಉದ್ಯಮ್ ಪೋರ್ಟಲ್‌ನಲ್ಲಿ ಶುಲ್ಕವೇ ಇಲ್ಲ. ನನ್ನಿಂದ ಒಬ್ಬ ಏಜೆಂಟ್ 2,500 ರೂಪಾಯಿ ತೆಗೆದುಕೊಂಡಿದ್ದ. ನೀವು ಸುಮ್ನೆ ಕೊಡಬೇಡಿ.

2025ರ ಏಪ್ರಿಲ್ 1ರಿಂದ ಮಷಿನ್ ಹೂಡಿಕೆ 2.5 ಕೋಟಿ, ವಹಿವಾಟು 10 ಕೋಟಿ ದಾಟದಿದ್ದರೆ ‘ಸೂಕ್ಷ್ಮ’. ಹೂಡಿಕೆ 25 ಕೋಟಿ, ವಹಿವಾಟು 100 ಕೋಟಿವರೆಗೆ ‘ಸಣ್ಣ’. ಎರಡರಲ್ಲಿ ಒಂದು ದಾಟಿದರೂ ಮೇಲಿನ ವರ್ಗ. ಜಾಗ, ಕಟ್ಟಡ ಲೆಕ್ಕಕ್ಕಿಲ್ಲ. ರಫ್ತಿನ ವಹಿವಾಟೂ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ನಮ್ಮಂಥವರೆಲ್ಲ ಸೂಕ್ಷ್ಮವೇ.

ನಿಜವಾದ ಬಲ ಇರುವುದು ಬಿಲ್ಲಿನಲ್ಲಿ. ಒಬ್ಬ ಗಿರಾಕಿ ಬುಶ್ (ಮಷಿನ್‌ಗೆ ಹಾಕುವ ಬಳೆಯಂಥ ಭಾಗ) ಮಾಡಿಸಿಕೊಂಡು ನನ್ನ 1.8 ಲಕ್ಷ ಏಳು ತಿಂಗಳು ಹಿಡಿದಿದ್ದರು. ಆಗ ನನ್ನ ಹತ್ತಿರ ನೋಂದಣಿ ಇರಲಿಲ್ಲ. ಪಗಾರಕ್ಕೆ ಹೆಂಡತಿಯ ಬಳೆ ಅಡವಿಟ್ಟೆ. 2006ರ ಸೂಕ್ಷ್ಮ, ಸಣ್ಣ, ಮಧ್ಯಮ ಉದ್ದಿಮೆಗಳ ಕಾಯ್ದೆ ಪ್ರಕಾರ ಸೂಕ್ಷ್ಮ, ಸಣ್ಣ ಘಟಕಗಳಿಗೆ ಲಿಖಿತ ಒಪ್ಪಂದ ಇದ್ದರೂ 45 ದಿನದೊಳಗೆ, ಇಲ್ಲದಿದ್ದರೆ 15 ದಿನದಲ್ಲಿ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ಹಾಗಾಗಿ ಮಾಲು ಕಳಿಸುವ ಮೊದಲೇ ನೋಂದಣಿ ಮುಗಿಸಿ. ಪ್ರತಿ ಬಿಲ್ಲಿನ ತಲೆಯ ಮೇಲೆ ಉದ್ಯಮ್ ನಂಬರ್ ಅಚ್ಚು ಹಾಕಿಸಿ. ಚಲನ್ ಮೇಲೆ ಮಾಲು ಮುಟ್ಟಿದ ತಾರೀಖು, ಸಹಿ ಬೇಕೇ ಬೇಕು.

ಆದರೂ ಹಣ ಬರಲಿಲ್ಲವಾ? ಇಂಥ ಬಾಕಿಗಾಗಿಯೇ ಇರುವ ಸರ್ಕಾರದ ಪೋರ್ಟಲ್‌ನಲ್ಲಿ ದೂರು ಹಾಕಿ.